ಹಿರಿಯರ ಪಾಲಿನ ಮಾತ್ರೆಗಳು

ಕಿರ್ಗಿಜ್ ಬೆಟ್ಟಗಳ ನಡುವಿನ ಕೊಕ್‌ಬುಲಾಕ್ ಮನೋರೋಗಿಗಳ ಆಶ್ರಯಧಾಮದಲ್ಲಿ ಹಿರಿಯರಿಗೆ ಸಲ್ಲಬೇಕಾದ ಗೌರವದಲ್ಲಿ ಎಳ್ಳಷ್ಟೂ ಲೋಪವಾಗಿಲ್ಲವೆಂಬುದು ದಾಖಲೆಗಳಿಂದ ಸಾಬೀತಾದ ಸಂಗತಿ.

ಅಲ್ಲಿನ ಬೆಕ್ತೆಮಿರ್‌ಗೆ ಎಪ್ಪತ್ನಾಲ್ಕು ವರ್ಷ. ಸ್ಕಿಜೋಫ್ರೇನಿಯಾಕ್ಕೆಂದು ಮೂವತ್ತಾರನೇ ವಯಸ್ಸಿನಲ್ಲಿ, ಕುದುರೆ ಪಳಗಿಸುವ ಮೈಕಟ್ಟಿದ್ದಾಗ, ಗೊತ್ತುಮಾಡಿದ ದಿನಕ್ಕೆಂಟು ಮಾತ್ರೆ ಇಂದಿಗೂ ಚಾಚೂ ತಪ್ಪದೆ ಸಲ್ಲುತ್ತಿತ್ತು. ದೇಶ ಬದಲಾಯಿತು, ಬಾವುಟ ಬದಲಾಯಿತು, ಮಾತ್ರೆ ಬದಲಾಗಲಿಲ್ಲ. ವರ್ಷದಲ್ಲಿ ಮೂರು ಸಲ ಅವನು ಬಿದ್ದ. ಕೈ ನಡುಗಿ ಬಟ್ಟಲು ಹಿಡಿಯಲಾಗದೆ ಹೋಯಿತು. ಭಾನುವಾರ ಬರುವ ತಂಗಿ ಬುರುಲ್‌ಳ ಎದುರು ಜೊಲ್ಲು ಸುರಿಸುತ್ತ ತೂಕಡಿಸುತ್ತಿದ್ದ. ಕಡತದಲ್ಲಿ 'ಸ್ಥಿತಿ ಸ್ಥಿರ' ಎಂದಿತ್ತು. ಅಣ್ಣನ ಬಾಯಿಂದ ಒಂದು ಮಾತು ಕೇಳಬೇಕೆಂಬ ಬುರುಲ್‌ಳ ಆಸೆಗೆ ಕಡತದಲ್ಲಿ ಕಾಲಂ ಇರಲಿಲ್ಲ.

ಹೊಸ ವೈದ್ಯೆ ಚಿನಾರಾ ಕಡತ ನೋಡಿದವಳೇ ಹಣೆ ಚಚ್ಚಿಕೊಂಡು, ಬುರುಲ್‌ಳನ್ನು ಅಕ್ಕಾ ಎಂಬಂತೆ 'ಎಜೆ' ಎಂದು ಕರೆದು ಹೇಳಿದಳು: "ಎಜೆ, ಈ ವಯಸ್ಸಲ್ಲಿ ಔಷಧಿ ಬೇಗ ಕರಗಲ್ಲ, ಮೈಯಲ್ಲೇ ಉಳ್ಕೊಳ್ಳುತ್ತೆ. ಪೂರ್ತಿ ನಿಲ್ಸೋದು ಬೇಡ. ನಿಧಾನವಾಗಿ ಅರ್ಧಕ್ಕೆ ಇಳಿಸೋಣ."

ಇಳಿಸಿದಳು. ಮೂರನೇ ತಿಂಗಳ ಒಂದು ಭಾನುವಾರ ಬೆಕ್ತೆಮಿರ್ ಕಣ್ಣುಬಿಟ್ಟು, ಒಂದು ಗುಟುಕು ಸಾರು ಕುಡಿದು ಹೇಳಿದ: "ಬುರುಲ್, ಇದೇನೇ ಇದು? ಉಪ್ಪಿಲ್ಲ. ಮಾಂಸವಂತೂ ಈ ಕಡೆ ತಲೆನೇ ಹಾಕಿಲ್ಲ!"

ಹನ್ನೊಂದು ವರ್ಷದ ಮೇಲೆ ಅಣ್ಣ ಹೆಸರು ಹಿಡಿದು ಕರೆದಿದ್ದ. ಬುರುಲ್‌ಗೆ ಅಳು ತಡೆಯಲಾಗಲಿಲ್ಲ. ಆ ಮಾಂಸ ಯಾರ ಮನೆಗೆ ಹೋಗುತ್ತದೆಂದು ಬಲ್ಲ ನಿರ್ದೇಶಕ ಅಸನಾಲಿಗೂ ತಡೆಯಲಾಗಲಿಲ್ಲ. ಮರುದಿನವೇ ಸಮಿತಿ ಸೇರಿತು; ಬುರುಲ್‌ಳನ್ನೂ ಕರೆಸಿದರು.

"ರೋಗ ಮರುಕಳಿಸಿದೆ," ಎಂದ ಅಸನಾಲಿ. "ಮೂವತ್ತೆಂಟು ವರ್ಷ ದೂರೇ ಹೇಳದ ಮನುಷ್ಯ ಈಗ ದೂರು ಹೇಳ್ತಿದ್ದಾನೆ."

"ಸಾರಲ್ಲಿ ನಿಜವಾಗ್ಲೂ ಉಪ್ಪಿಲ್ಲ ಬೈಕೆ," ಎಂದಳು ಚಿನಾರಾ, ಅಣ್ಣಾ ಎನ್ನುವ ಮರ್ಯಾದೆಯಲ್ಲೇ.

"ಅಯ್ಯೋ, ನಿಮಗೂ ಹಾಗನಿಸೋಕೆ ಶುರುವಾಯ್ತಾ?" ಕಾಳಜಿಯಿಂದ ಕೇಳಿ ಅದನ್ನೂ ಬರೆದುಕೊಂಡ. ಆಮೇಲೆ ಬುರುಲ್‌ಳ ಕಡೆ ತಿರುಗಿದ. "ಎಜೆ, ಔತಣಕ್ಕೆ ಕುರಿ ಕೊಯ್ದರೆ ತಲೆ ಯಾರಿಗೆ ಕೊಡ್ತೀರಿ?"

"ಹಿರಿಯರಿಗೆ."

"ದೊಡ್ಡ ಮೂಳೆ?"

"ಅದೂ ಹಿರಿಯರಿಗೇ."

"ಮತ್ತೆ? ಮೂವತ್ತರ ಹುಡುಗರು ಎಂಟೆಂಟು ನುಂಗ್ತಿರುವಾಗ ಈ ಬಿಳಿಗಡ್ಡದವರಿಗೆ ನಾಲ್ಕೇನಾ? ಊರಲ್ಲಿ ಮುಖ ಹೆಂಗ್ರೀ ತೋರ್ಸೋದು?"

ಸಮಿತಿಯವರು ನಾಚಿಕೆಯಿಂದ ತಲೆ ತಗ್ಗಿಸಿದರು. ಹುಟ್ಟಿದಾಗಿನಿಂದ ಪಾಲಿಸಿಕೊಂಡು ಬಂದ ಪದ್ಧತಿ. ಬುರುಲ್ ಕೂಡ ತಲೆಯಾಡಿಸಿಬಿಟ್ಟಳು.

ಸಂಜೆ ಪ್ರಕಟಣೆ ಹೊರಬಿತ್ತು: "ಮಾತ್ರೆಗಳ ನೀಡಿಕೆಯಲ್ಲಿ ಇನ್ನು ಮುಂದೆ ವಯೋಜ್ಯೇಷ್ಠತೆಯನ್ನು ಪಾಲಿಸತಕ್ಕದ್ದು. ಎಪ್ಪತ್ತು ತುಂಬಿದವರಿಗೆ ಗೌರವಾರ್ಥ ಒಂದು ಮಾತ್ರೆ ಹೆಚ್ಚುವರಿ. ಈ ನಿಯಮ ಮಾಂಸಕ್ಕೆ ಅನ್ವಯಿಸುವುದಿಲ್ಲ."

ನಾಲ್ಕು ಮತ್ತೆ ಎಂಟಾಗಿ, ಎಂಟಕ್ಕೊಂದು ಸೇರಿ ಒಂಬತ್ತಾಯಿತು. ಶುಭಕಾರ್ಯದ ಉಡುಗೊರೆಗಳು ಒಂಬತ್ತರಲ್ಲೇ ಸಲ್ಲುವ ನಾಡು, ಯಾರಿಗೂ ತಕರಾರಿರಲಿಲ್ಲ. ಬೆಕ್ತೆಮಿರ್‌ನ ಎಪ್ಪತ್ತೈದನೇ ಹುಟ್ಟುಹಬ್ಬಕ್ಕೆ ಸನ್ಮಾನ ನಡೆಯಿತು. ಮಾತ್ರೆಗಳು ತಟ್ಟೆಯಲ್ಲಿ ಬಂದವು. ತೊಡಿಸಿದ ಬಿಳಿ ಉಣ್ಣೆಯ ಟೋಪಿ ಕಣ್ಣಿನವರೆಗೆ ಜಾರಿತು. ಹೇಗೂ ಅವನು ನಿದ್ದೆಯಲ್ಲಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದರು. ಚಿನಾರಾ ಕಡತದಲ್ಲಿ 'ಸ್ಥಿತಿ ಸ್ಥಿರ' ಎಂದು ಬರೆದಳು. ಅವಳಿಗೂ ಕೆಲಸ ಬೇಕಿತ್ತು.

ಬುರುಲ್‌ಗೂ ಒಂದು ಬಟ್ಟಲು ಸಾರು ಕೊಟ್ಟರು. ಕುಡಿದಳು. ಉಪ್ಪಿರಲಿಲ್ಲ.

ಅಸನಾಲಿ ಪ್ರೀತಿಯಿಂದ ಬಾಗಿದ. "ಸಾರು ಹೇಗಿದೆ ಎಜೆ? ಅಂದಹಾಗೆ, ನಿಮಗೀಗ ವಯಸ್ಸೆಷ್ಟು?"

"ಅರವತ್ತೊಂಬತ್ತು." ಬುರುಲ್ ಅಣ್ಣನ ಗಡ್ಡ ಒರೆಸಿದಳು. "ಸಾರು ತುಂಬಾ ಚೆನ್ನಾಗಿದೆ. ಇನ್ನೊಂದು ಬಟ್ಟಲು ಹಾಕಿಸಿ."