ದೊಡ್ಡ ಸಾಹೇಬರ ಹಳೇ ಕಾರು

ಕಾರು ಇರುವುದು ಹೋಗುವುದಕ್ಕಲ್ಲ, ಬಂದು ಇಳಿಯುವುದಕ್ಕೆ ಎಂಬುದು ನಮ್ಮ ಇನ್‌ಸ್ಪೆಕ್ಟರ ಸಿದ್ಧಾಂತ. ಬರೀ ಹೋಗುವುದಾದರೆ ಬಸ್ಸಿನಲ್ಲೂ ಹೋಗಬಹುದು. ಅವರು ಇಷ್ಟು ವರ್ಷ ಹೋಗಿದ್ದೂ ಬಸ್ಸಿನಲ್ಲೇ. ಆದರೆ ಬಸ್ಸಿನಿಂದ ಯಾರೂ ಬಂದು ಇಳಿಯುವುದಿಲ್ಲ. ಹಿಂದಿನವರು ನೂಕಿದಾಗ ಕೆಳಗೆ ಬೀಳುತ್ತಾರೆ, ಅಷ್ಟೆ.

(ಇನ್‌ಸ್ಪೆಕ್ಟರ್ ಎಂದ ಕೂಡಲೇ ಲಾಠಿ, ಟೋಪಿ ನೆನೆಸಿಕೊಂಡು ಗಾಬರಿಯಾಗಬೇಡಿ. ಇವರು ಹಾಸಿಗೆ ಕಾರ್ಖಾನೆಯ ಇನ್‌ಸ್ಪೆಕ್ಟರು. ತಯಾರಾದ ಹಾಸಿಗೆಗಳ ಮೇಲೆ ಕೂತು, ಮಲಗಿ, ಹೊರಳಿ, ಹೆಬ್ಬೆರಳಿನಿಂದ ಒತ್ತಿ ನೋಡಿ, ‘ಪಾಸ್’ ಎಂದು ಮುದ್ರೆ ಹಾಕುವ ಕೆಲಸ. ಕಚೇರಿಯಲ್ಲಿ ಮಲಗಿ ಸಂಬಳ ತೆಗೆದುಕೊಳ್ಳುವವರು ಬೇರೆ ಕಡೆಯೂ ಇದ್ದಾರೆ. ಆದರೆ ಅದನ್ನು ರಾಜಾರೋಷವಾಗಿ ಒಪ್ಪಿಕೊಂಡವರು ಇವರೊಬ್ಬರೇ.)

ಮನೆಗೊಂದು ಕಾರು ಬೇಕು ಎಂದು ಮೊದಲು ಬಾಯಿ ಬಿಟ್ಟವಳು ಹೆಂಡತಿ. ಕನ್ನಡಕದಂಗಡಿಯಲ್ಲಿ ಜನರ ಕಣ್ಣಿನ ಪವರ್ ನೋಡುವ ಕೆಲಸ ಆಕೆಯದು. ಅವಳ ತಾಯಿ, ಅಂದರೆ ಇನ್‌ಸ್ಪೆಕ್ಟರ ಅತ್ತೆ, ಇವರ ಜೊತೆಯಲ್ಲೇ ಇದ್ದರು. ಅವರ ಮಂಡಿ ಬಸ್ಸಿನ ಮೆಟ್ಟಿಲು ಕಂಡರೆ ಸಾಕು, ಮುಷ್ಕರ ಹೂಡುತ್ತಿತ್ತು. ಮಗಳ ಈಜಿನ ತರಗತಿ ಊರಿನ ಇನ್ನೊಂದು ತುದಿಯಲ್ಲಿ. ಹೊಸ ಕಾರಿನ ಮಾತನ್ನು ಯಾರೂ ಎತ್ತಲಿಲ್ಲ, ಎತ್ತುವ ತಾಕತ್ತು ಯಾರಿಗೂ ಇರಲಿಲ್ಲ. ಸೆಕೆಂಡ್ ಹ್ಯಾಂಡ್ ಎಂದು ಸರ್ವಾನುಮತದಿಂದ ತೀರ್ಮಾನವಾಯಿತು. ಆ ಮನೆಯಲ್ಲಿ ಸರ್ವಾನುಮತ ಎನ್ನುವುದು ಅದೇ ಮೊದಲು, ಅದೇ ಕೊನೆ.

ಭಾನುವಾರ ನಾಲ್ವರೂ ಹಳೇ ಕಾರು ಮಾರುವವನ ಅಂಗಳಕ್ಕೆ ಹೋದರು. ಅಲ್ಲಿ ಹೆಂಡತಿಯ ಕಣ್ಣಿಗೆ ಬಿದ್ದದ್ದು ಒಂದು ಪುಟ್ಟ ಹಸಿರು ಕಾರು. ಇನ್‌ಸ್ಪೆಕ್ಟರು ಅದರ ಸೀಟನ್ನು ಹೆಬ್ಬೆರಳಿನಿಂದ ಒತ್ತಿದರು. ಹೆಬ್ಬೆರಳು ಒಳಗೆ ಹೋಯಿತು. ಅದನ್ನು ವಾಪಸ್ ಕಳಿಸುವ ಆಸಕ್ತಿಯನ್ನು ಸೀಟು ತೋರಿಸಲಿಲ್ಲ.

“ಸ್ಪಂಜು ಸತ್ತಿದೆ,” ಎಂದು ಘೋಷಿಸಿದರು.

ಅತ್ತೆ ನಿವೃತ್ತ ಹೆಡ್ ನರ್ಸ್. ಅವರು ಬಾನೆಟ್ಟಿನ ಮೇಲೆ ಕಿವಿಯಿಟ್ಟು, ಇಂಜಿನ್ ಚಾಲೂ ಮಾಡಿಸಿ, ಕಣ್ಣು ಮುಚ್ಚಿ ಕೇಳಿದರು. “ಉಸಿರಾಟ ಚೆನ್ನಾಗಿದೆ. ಎದೇಲಿ ಕಫ ಇಲ್ಲ. ಇದನ್ನೇ ತಗೊಳ್ಳೋಣ.”

“ಅತ್ತೆ, ಅದು ಕಾರು.”

“ಗೊತ್ತು ಅಳಿಯಂದಿರೇ. ಅದಕ್ಕೇ ನಾಲಿಗೆ ಚಾಚು ಅನ್ನಲಿಲ್ಲ.”

ಇನ್‌ಸ್ಪೆಕ್ಟರು ಹೆಂಡತಿಯ ಕಡೆ ತಿರುಗಿದರು. “ಇದರಲ್ಲಿ ಹೋದ್ರೆ ಜನ ಏನಂತಾರೆ?”

“‘ನಮ್ಮನ್ನೂ ಕರ್ಕೊಂಡು ಹೋಗಿ’ ಅಂತಾರೆ.”

“ಎಲ್ಲಿದೆ ಜಾಗ ಇದರಲ್ಲಿ?”

“ಅದೇ ಒಳ್ಳೇದು.”

ಓಟಿಗೆ ಹಾಕಲಾಯಿತು. ಹಿಡಿ ತಿರುಗಿಸಿದರೆ ಕಿಟಕಿ ಇಳಿಯುತ್ತದೆ ಎಂಬ ಅದ್ಭುತಕ್ಕೆ ಮರುಳಾಗಿ ಮಗಳೂ ಹಸಿರು ಕಾರಿಗೇ ಓಟು ಹಾಕಿದಳು. ಇನ್‌ಸ್ಪೆಕ್ಟರು ಏಕಸದಸ್ಯ ವಿರೋಧ ಪಕ್ಷವಾಗಿ ಮನೆಗೆ ಬಂದರು. ಮರುದಿನ ಕೆಲಸ ಮುಗಿಸಿ ಬರುವಾಗ ಮುಂಗಡ ಕೊಟ್ಟು ಬರುವ ಹೊಣೆಯನ್ನೂ ಅವರಿಗೇ ಹೊರಿಸಲಾಯಿತು. ಅದೇ ಆದದ್ದು ತಪ್ಪು.

ಮರುದಿನ ಕಾರ್ಖಾನೆಯಲ್ಲಿ ದೊಡ್ಡ ಸಾಹೇಬರು, ಅಂದರೆ ಅಷ್ಟೂ ಹಾಸಿಗೆಗಳ ಒಡೆಯರು, ತಮ್ಮ ಕಾರು ಮಾರುತ್ತಾರೆಂಬ ಸುದ್ದಿ ಹಬ್ಬಿತು. ಅವರ ಡ್ರೈವರ್ ಕೆಲಸ ಬಿಟ್ಟಿದ್ದ, ಹೊಸ ಕಾರು ಬುಕ್ ಆಗಿತ್ತು. ಹಳೆಯದೇನು ಸಾಮಾನ್ಯವೇ? ಕಪ್ಪಗೆ, ಉದ್ದಕ್ಕೆ, ಗೇಟಿನೊಳಗೆ ಅದರ ಮೂತಿ ಬಂದ ಎಷ್ಟೋ ಹೊತ್ತಿಗೆ ಬಾಲ ಬರುತ್ತಿತ್ತು. ಬೇರೆ ಕಾರುಗಳ ಬಾಗಿಲು ಹಾಕಿದರೆ ‘ಧಬ್’ ಎನ್ನುತ್ತದೆ. ಇದರ ಬಾಗಿಲು ‘ಹ್ಞೂಂ’ ಎನ್ನುತ್ತಿತ್ತು.

“ಹೊರಗಿನವರಿಗೆ ಕೊಡೋಕೆ ಮನಸ್ಸಿಲ್ಲ ನೋಡಿ,” ಎಂದರು ಸಾಹೇಬರು. “ನಮ್ಮವರು ಯಾರಾದ್ರೂ ತಗೊಂಡ್ರೆ ಕಣ್ಣೆದುರಿಗೇ ಇರುತ್ತೆ.”

ಇನ್‌ಸ್ಪೆಕ್ಟರು ಸುಮ್ಮನೆ, ವೃತ್ತಿಯ ಚಪಲಕ್ಕೆ, ಹಿಂದಿನ ಸೀಟನ್ನು ಒತ್ತಿದರು. ಹೆಬ್ಬೆರಳು ಮೆಲ್ಲಗೆ ಇಳಿಯಿತು, ಕ್ಷಣಕಾಲ ವಿಶ್ರಮಿಸಿತು, ಸಕಲ ಮರ್ಯಾದೆಗಳೊಂದಿಗೆ ಹಿಂದಿರುಗಿತು. ಇನ್‌ಸ್ಪೆಕ್ಟರ ಕಣ್ಣು ತೇವವಾಯಿತು. ತಮಗೆ ಅರಿವಿಲ್ಲದೆಯೇ “ಪಾಸ್!” ಎಂದುಬಿಟ್ಟರು.

“ಹಾಗಾದ್ರೆ ಆಯ್ತು. ನಿಮಗೇ,” ಎಂದು ಸಾಹೇಬರು ಕೈ ಕುಲುಕಿದರು. ಹಸಿರು ಕಾರಿನ ಮುಂಗಡವೂ, ಅದರ ಹಿಂದೆಯೇ ಬ್ಯಾಂಕಿನಲ್ಲಿದ್ದ ಉಳಿದದ್ದೂ ಕಪ್ಪು ಕಾರಿನ ಹೊಟ್ಟೆ ಸೇರಿದವು.

ಮನೆಯಲ್ಲಿ ಹೆಂಡತಿ ಕಾಯುತ್ತಿದ್ದಳು. “ಮುಂಗಡ ಕೊಟ್ರಾ?”

“ಕೊಟ್ಟೆ.”

“ಗಾಡಿ ಯಾವತ್ತು ಕೊಡ್ತಾರಂತೆ?”

“ನಾಳೇನೇ. ಆದ್ರೆ... ನೋಡಿದ್ದಕ್ಕಿಂತ ಸ್ವಲ್ಪ ದೊಡ್ಡದು.”

“ಎಷ್ಟು ದೊಡ್ಡದು?”

“ದೊಡ್ಡ ಸಾಹೇಬರಷ್ಟು.”

ಹೆಂಡತಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಎದುರಿಗಿರುವ ವ್ಯಕ್ತಿಯನ್ನು ಸ್ಪಷ್ಟವಾಗಿ ನೋಡುವ ಇಷ್ಟ ಇನ್ನು ಉಳಿದಿಲ್ಲ ಎಂಬುದರ ಸೂಚನೆ ಅದು.

“ನಾವು ಓಟು ಹಾಕಿದ್ದು?”

“ಪ್ರಜಾಪ್ರಭುತ್ವದಲ್ಲಿ ಇದೆಲ್ಲ ಇದ್ದದ್ದೇ ಕಣೇ.”

“ಅದಕ್ಕೆ ಪೆಟ್ರೋಲ್ ಕುಡಿಸೋರು ಯಾರು?”

“ಘನತೆ ಅಂದ್ಮೇಲೆ ಸ್ವಲ್ಪ ಖರ್ಚು ಇರುತ್ತೆ.”

“ಘನ ಅನ್ನೋದೇನೋ ಸರಿ, ಅದರ ತೂಕ ನೋಡಿದ್ರೆ ಗೊತ್ತಾಗುತ್ತೆ,” ಎಂದಳು ಹೆಂಡತಿ. “ಇರಲಿ. ನಾನು ಮಾತ್ರ ಅದನ್ನ ಮುಟ್ಟಲ್ಲ. ಓಡಿಸೋದು, ತೊಳೆಯೋದು, ಉಣಿಸೋದು ಎಲ್ಲ ನಿಮ್ಮದೇ.”

ಮೊದಲ ಕೆಲವು ದಿನ ಇನ್‌ಸ್ಪೆಕ್ಟರು ನೆಲದ ಮೇಲಿರಲಿಲ್ಲ. ಕಪ್ಪು ಕಾರು ಕಂಡೊಡನೆ ಕಾರ್ಖಾನೆಯ ಕಾವಲುಗಾರ ಎರಡೂ ಗೇಟು ತೆರೆದು, ಎದೆಯುಬ್ಬಿಸಿ ಸೆಲ್ಯೂಟ್ ಹೊಡೆಯುತ್ತಿದ್ದ. ಮಾತಾಡುತ್ತ ನಿಂತಿದ್ದವರು ಚೆಲ್ಲಾಪಿಲ್ಲಿಯಾಗಿ ಓಡಿ ಯಂತ್ರಗಳ ಮುಂದೆ ನಿಲ್ಲುತ್ತಿದ್ದರು. ಆ ಗೌರವ ಕಾರಿಗೋ ತಮಗೋ ಎಂಬ ಸೂಕ್ಷ್ಮಕ್ಕೆ ಇನ್‌ಸ್ಪೆಕ್ಟರು ಇಳಿಯಲಿಲ್ಲ. ಆಗತಾನೆ ಕಾರಿನಿಂದ ಇಳಿದಿದ್ದರಲ್ಲ, ಇನ್ನೆಷ್ಟು ಇಳಿಯುವುದು?

ಆಮೇಲೊಂದು ಸಂಜೆ ದೊಡ್ಡ ಸಾಹೇಬರು ಕರೆದರು.

“ಹೊಸ ಗಾಡಿ ಬರೋದು ತಡ ಆಗ್ತಿದೆ. ಒಂದೆರಡು ದಿನ ನನ್ನನ್ನೂ ಹತ್ತಿಸ್ಕೊಂಡು ಬರ್ತೀರಾ? ಹೇಗಿದ್ರೂ ದಾರೀಲೇ ಅಲ್ವಾ?”

ದಾರಿಯೇನೋ ಹೌದು. ಆದರೆ ಇನ್‌ಸ್ಪೆಕ್ಟರದು ಊರಿನ ಈ ಕಡೆ, ಸಾಹೇಬರದು ಆ ಕಡೆ, ಕಾರ್ಖಾನೆ ನಡುವೆ. ‘ಹಿರಿಯ ಇನ್‌ಸ್ಪೆಕ್ಟರ್’ ಹುದ್ದೆ ಖಾಲಿಯಿದ್ದ ಕಾಲ ಬೇರೆ. “ಧಾರಾಳವಾಗಿ ಸಾರ್!” ಎಂದರು.

ಬೆಳಿಗ್ಗೆ ಸಾಹೇಬರ ಮನೆ ಮುಂದೆ ಕಾರು ನಿಲ್ಲಿಸಿ, ಇಳಿದು ಬಂದು, ತಮ್ಮ ಪಕ್ಕದ ಸೀಟಿನ ಬಾಗಿಲನ್ನು ಆತ್ಮೀಯವಾಗಿ ತೆರೆದು ನಿಂತರು. ಸಾಹೇಬರು ಅದನ್ನು ನೋಡಲೇ ಇಲ್ಲ. ನೇರವಾಗಿ ಹಿಂದಿನ ಬಾಗಿಲು ತೆಗೆದು, ಕೂತು, ಪತ್ರಿಕೆ ಬಿಚ್ಚಿದರು. ಬಾಗಿಲು ‘ಹ್ಞೂಂ’ ಎಂದಿತು. ಗೇಟಿನಲ್ಲಿ ಕಾವಲುಗಾರ ಎಂದಿನಂತೆ ಸೆಲ್ಯೂಟ್ ಹೊಡೆದ. ಈ ಸಲ ಅವನ ಕಣ್ಣು ಹಿಂದಿನ ಸೀಟಿನ ಮೇಲಿತ್ತು.

ಒಂದೆರಡು ದಿನ ವಾರವಾಯಿತು, ವಾರ ತಿಂಗಳಾಯಿತು. ಮೊದಮೊದಲು ಸಾಹೇಬರು “ಎಸಿ ಸ್ವಲ್ಪ ಜಾಸ್ತಿ ಮಾಡ್ತೀರಾ, ತೊಂದರೆ ಇಲ್ಲದಿದ್ರೆ?” ಎನ್ನುತ್ತಿದ್ದರು. ಬರಬರುತ್ತ “ಎಸಿ ಜಾಸ್ತಿ ಮಾಡಿ” ಎಂದರು. ಆಮೇಲೆ “ಎಸಿ” ಎಂದಷ್ಟೇ ಅಂದರು. ಈ ನಡುವೆ ಯಾವ ತಿರುವಿನಲ್ಲಿ ‘ನೀವು’ ಇಳಿದುಹೋಗಿ ‘ನೀನು’ ಹತ್ತಿಕೊಂಡಿತೋ ಇನ್‌ಸ್ಪೆಕ್ಟರಿಗೆ ತಿಳಿಯಲಿಲ್ಲ; ಅವರ ಗಮನ ರಸ್ತೆಯ ಮೇಲಿತ್ತು.

ಸಾಹೇಬರ ಮನೆಯಾಕೆಯೂ ಫೋನ್ ಮಾಡತೊಡಗಿದರು. “ಸಂಜೆ ಗಾಡಿ ಕಳಿಸ್ತೀರಾ?” ಗಾಡಿ ತಾನೇ ಹೋಗುತ್ತದೆಯೇ? ಇನ್‌ಸ್ಪೆಕ್ಟರೂ ಹೋಗಬೇಕು. ಹಾಗೆ ಒಂದು ದಿನ ದೊಡ್ಡ ಹೋಟೆಲಿನ ಹಿಂಭಾಗದಲ್ಲಿ, ಸಾಹೇಬರ ಊಟ ಮುಗಿಯಲೆಂದು ಕಾಯುತ್ತ, ಕಾರಿನ ಗಾಜು ಒರೆಸುತ್ತಿದ್ದಾಗ ಬೇರೆ ಡ್ರೈವರುಗಳು ಕರೆದು ಟೀ ಕೊಟ್ಟರು.

“ಇವರ ಹತ್ರ ಎಷ್ಟು ವರ್ಷ ಆಯ್ತಣ್ಣ?”

“ಹದಿನಾಲ್ಕು,” ಎಂದರು ಇನ್‌ಸ್ಪೆಕ್ಟರು. ಕಾರ್ಖಾನೆಯ ಲೆಕ್ಕದಲ್ಲಿ ಅದು ನಿಜವೇ.

“ಅದಕ್ಕೇ! ಸ್ವಂತ ಗಾಡಿ ಥರ ಒರೆಸ್ತಿದ್ದೀಯ.”

“ಇದು ನನ್ನದೇ ಗಾಡಿ.”

“ಹಾಗೇ ಅನ್ಕೋಬೇಕಣ್ಣ,” ಎಂದು ಹಿರಿಯ ಡ್ರೈವರೊಬ್ಬ ಮೆಚ್ಚಿ ಬೆನ್ನು ತಟ್ಟಿದ. “ಈಗಿನವರಿಗೆ ಆ ನಿಯತ್ತೆಲ್ಲಿದೆ?”

ಮರುದಿನ ಇನ್‌ಸ್ಪೆಕ್ಟರು ಧೈರ್ಯ ಮಾಡಿ, ಕನ್ನಡಿಯಲ್ಲಿ ಸಾಹೇಬರನ್ನು ನೋಡುತ್ತ ಕೇಳಿದರು. “ಸಾರ್, ಹೊಸ ಗಾಡಿ ಯಾವಾಗ ಬರಬಹುದು?”

“ಅದನ್ನ ರದ್ದು ಮಾಡಿಸಿದೆ ಕಣಯ್ಯ,” ಪತ್ರಿಕೆಯ ಹಿಂದಿನಿಂದ ಉತ್ತರ ಬಂತು. “ಇರೋದೇ ಇಷ್ಟು ಚೆನ್ನಾಗಿ ಓಡ್ತಿರುವಾಗ ಹೊಸದ್ಯಾಕೆ, ದಂಡ!”

ಇತ್ತ ಮನೆಯಲ್ಲಿ ಮಂಡಿ, ಈಜು, ಬಸ್ಸು ಎಲ್ಲ ಹಿಂದಿನಂತೆಯೇ ನಡೆದಿದ್ದವು. ಮಂಡಿ ಆಪರೇಷನ್ನಿಗೆಂದು ಅತ್ತೆ ಬ್ಯಾಂಕಿನಲ್ಲಿ ಒಂದಿಷ್ಟು ಇಟ್ಟಿದ್ದರು. ಒಂದು ದಿನ ಅವರು ತಮ್ಮ ಮಗಳನ್ನು ಕರೆದು, “ಡಾಕ್ಟರು ನಡಿಗೆ ಕಡಿಮೆ ಮಾಡಿ, ಆಪರೇಷನ್ ಆಮೇಲೆ ನೋಡೋಣ ಅಂದಿದ್ದಾರೆ. ಹೊಸ ಮಂಡಿ ಬದಲು ಹಳೇ ಕಾರೇ ಬರಲಿ,” ಎಂದರು. ಹಸಿರು ಕಾರನ್ನು ಅಷ್ಟು ದಿನವೂ ಯಾರೂ ಕೊಂಡಿರಲಿಲ್ಲ. ಹೆಂಡತಿಯ ಲೈಸೆನ್ಸು ಮದುವೆಗೆ ಮುಂಚಿನದು. ಅದಕ್ಕೆ ಜೀವ ಬಂತು.

ಸುದ್ದಿ ಕೇಳಿ ಇನ್‌ಸ್ಪೆಕ್ಟರು “ಸ್ಪಂಜು...” ಎಂದು ಬಾಯಿ ತೆರೆದರು. ಹೆಂಡತಿ ಕನ್ನಡಕಕ್ಕೆ ಕೈ ಹಾಕಿದಳು. ಅವರು ಬಾಯಿ ಮುಚ್ಚಿದರು.

ಅದಾಗಿ ಸ್ವಲ್ಪ ದಿನಕ್ಕೆ, ಸಂಜೆ, ದೊಡ್ಡ ರಸ್ತೆಯ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿದ್ದಿತ್ತು. ಕಪ್ಪು ಕಾರಿನ ಪಕ್ಕದ ಸಣ್ಣ ಸಂದಿಯಲ್ಲಿ ಹಸಿರು ಕಾರು ಸಲೀಸಾಗಿ ಬಂದು ನಿಂತಿತು. ಸ್ಟಿಯರಿಂಗ್ ಹಿಡಿದು ಹೆಂಡತಿ, ಪಕ್ಕದಲ್ಲಿ ಕಾಲು ನೀಡಿಕೊಂಡು ಅತ್ತೆ, ಹಿಂದೆ ಒದ್ದೆ ತಲೆಯ ಮಗಳು. ಮೂವರೂ ಯಾವುದೋ ಮಾತಿಗೆ ಬಿದ್ದು ಬಿದ್ದು ನಗುತ್ತಿದ್ದರು. ಇವರನ್ನು ಕಂಡು ಅತ್ತೆ ಕೈ ಬೀಸಿದರು.

ಸಾಹೇಬರು ಪತ್ರಿಕೆ ಇಳಿಸಿದರು. “ಯಾರಯ್ಯ ಅವರು?”

“ನಮ್ಮ ಮನೆಯವರು, ಸಾರ್.”

ಹಸಿರು ದೀಪ ಬಿತ್ತು. ಕಪ್ಪು ಕಾರು ತನ್ನ ಘನತೆಯನ್ನು ಒಟ್ಟುಗೂಡಿಸಿಕೊಳ್ಳುವಷ್ಟರಲ್ಲಿ ಪುಟ್ಟ ಕಾರು ಬಸ್ಸು, ಲಾರಿಗಳ ನಡುವೆ ನುಸುಳಿ ಮುಂದಿನ ತಿರುವಿನಲ್ಲಿತ್ತು.

“ಅಬ್ಬಾ, ಎಷ್ಟು ಚೆನ್ನಾಗಿ ಓಡಿಸ್ತಾರೆ!” ಸಾಹೇಬರು ಮನಸಾರೆ ಮೆಚ್ಚಿದರು. ತುಸು ಯೋಚಿಸಿ, ಮುಂದಕ್ಕೆ ಬಾಗಿ, ಇನ್‌ಸ್ಪೆಕ್ಟರ ಭುಜ ತಟ್ಟಿದರು. “ಕೇಳಿ ನೋಡು. ನೀನು ರಜೆ ಹಾಕಿದ ದಿನ ಅವರು ಬರ್ತಾರಾ ಅಂತ.”

“ಕೇಳ್ತೀನಿ ಸಾರ್,” ಎಂದು ಇನ್‌ಸ್ಪೆಕ್ಟರು ಗೇರು ಹಾಕಿದರು.