ಪ್ಲಸ್ಸು, ಮೈನಸ್ಸು ಮತ್ತು ಮೊಮ್ಮಗಳ ತೊಟ್ಟಿಲು

ಸಂತೋಷ ಹೆಚ್ಚಾದವರ ಕೈಗೆ ಬೆಲೆಬಾಳುವ ಸಾಮಾನು ಕೊಡಬಾರದು ಎಂದು ನಮ್ಮತ್ತೆ ಹೇಳುತ್ತಿದ್ದಳು. ಸಿಟ್ಟಿನಲ್ಲಿದ್ದವರು ಎದುರಿಗೆ ಸಿಕ್ಕಿದ್ದನ್ನಷ್ಟೇ ಒಡೆಯುತ್ತಾರೆ. ಸಂತೋಷದಲ್ಲಿದ್ದವರು ಜೋಪಾನವಾಗಿ ಎತ್ತಿಟ್ಟದ್ದನ್ನೂ ಹುಡುಕಿ ತೆಗೆದು ಕೆಡಿಸುತ್ತಾರಂತೆ. ಆಗ ನಾನು ಹೊಸ ಸೊಸೆ, ಸೆರಗು ಬಾಯಿಗೆ ಹಿಡಿದು ನಕ್ಕಿದ್ದೆ. ಈಗ ನಾನೇ ಅತ್ತೆಯಾಗಿ, ಅದಕ್ಕಿಂತ ಹೆಚ್ಚಾಗಿ ಮೊಮ್ಮಗಳ ಆಯಿಯಾಗಿ, ಆ ಮಾತಿಗೆ ಸಾಕ್ಷಿ ಹೇಳಲು ಕೂತಿದ್ದೇನೆ. ನಾಲ್ಕನೆಯ ಇಯತ್ತೆಯವರೆಗೆ ಸಾಲಿ ಕಲಿತವಳು, ಒತ್ತಕ್ಷರ ಅಲ್ಲಿ ಇಲ್ಲಿ ಜಾರಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮಗ ಶಿವಾನಂದ ಬೇವೂರಿನಲ್ಲಿ ಸಾಲಿ ಮಾಸ್ತರ. ಅವನ ಮದುವೆಯಾಗಿ ಒಂಬತ್ತು ವರ್ಷಕ್ಕೆ ಮೊಮ್ಮಗಳು ಹುಟ್ಟಿದಳು. ಒಂಬತ್ತು ವರ್ಷ ಕಾದವಳ ಸಂತೋಷ ಎಷ್ಟಿರುತ್ತದೆಂದು ಬಾಯಿಂದ ಹೇಳಲಾಗುವುದಿಲ್ಲ. ಹಾಗೆಂದು ಹೇಳದೆ ಬಿಟ್ಟವಳೂ ನಾನಲ್ಲ. ಕೊಪ್ಪಳದ ಬಸ್ಸಿನಲ್ಲಿ ಕಂಡಕ್ಟರ್ ಎಲ್ಲಿಗೆ ಟಿಕೀಟು ಎಂದು ಕೇಳಿದರೆ, ಮೊದಲು ಮೊಮ್ಮಗಳು ಹುಟ್ಟಿದ್ದನ್ನು ಹೇಳಿ ಆಮೇಲೆ ನಮ್ಮೂರು ಇರಕಲ್ಲಗಡ ಎನ್ನುತ್ತಿದ್ದೆ. ಮೂರು ತಿಂಗಳಿಗೆ ತೊಟ್ಟಿಲ ಕಾರ್ಯ ಸೊಸೆ ಗಿರಿಜಾಳ ತವರಿನಲ್ಲಿ ಆಗಬೇಕಿತ್ತು. ನಾನು ಹಟ ಹಿಡಿದು ನಮ್ಮ ಮನೆಯಲ್ಲೇ ಮಾಡಿಸಿದೆ. ಬಂದವರಿಗೆಲ್ಲ ಹೋಳಿಗೆಯಾಗಬೇಕು, ಹೂರಣ ಬೇರೆಯವರು ಮುಟ್ಟಬಾರದು ಎಂದು ಇನ್ನೊಂದು ಹಟ. ಎರಡು ಹಟ ಒಂದೇ ದಿನ ಹಿಡಿದದ್ದರ ಫಲವೇನಾಯಿತೆಂದರೆ, ನನ್ನ ಮಗಳು ಶರಣವ್ವ ಸೋದರತ್ತೆಯಾಗಿ ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುವಾಗ, ಹೆಂಗಸರೆಲ್ಲ ರೂಢಿಯಂತೆ ಅವಳ ಬೆನ್ನಿಗೆ ಗುದ್ದುವಾಗ, ನಾನು ಒಳಗೆ ಒಲೆಯ ಮುಂದೆ ಹೂರಣ ತಿರುವುತ್ತಿದ್ದೆ. ಹೊರಗೆ ಬರುವಷ್ಟರಲ್ಲಿ ಹೆಸರು ಇಟ್ಟು ಮುಗಿದಿತ್ತು. ಮಲ್ಲಮ್ಮ ಎಂದು ನಮ್ಮತ್ತೆಯ ಹೆಸರನ್ನೇ ಇಟ್ಟಿದ್ದರು. ಹೆಸರು ಕಿವಿಗೆ ಬಿದ್ದೊಡನೆ ಕೂಸು ಬಾಯಿ ತುಂಬ ನಕ್ಕಿತಂತೆ. ಕಂಡವರೆಲ್ಲ ಅದನ್ನೇ ಹೇಳಿದರು. ಒಂಬತ್ತು ವರ್ಷ ಕಾದ ನಾನೊಬ್ಬಳೇ ಕಾಣಲಿಲ್ಲ.

ಚಿಂತೆ ಮಾಡಬ್ಯಾಡ, ಎಲ್ಲಾ ಸೀಡಿಯೊಳಗ ಬರತೈತಿ ಎಂದ ಮಗ. ಕುಷ್ಟಗಿಯ ಫೋಟೋದವನು ಕ್ಯಾಮೆರಾ ತಂದು ಎಲ್ಲವನ್ನೂ ಹಿಡಿದಿದ್ದ. ಹದಿನೈದು ದಿನಕ್ಕೆ ಸೀಡಿಯೂ ಬಂತು. ನಾನು ಸೀಡಿ ಎನ್ನುತ್ತೇನೆ, ಮಗ ಅದು ಸೀಡಿಯಲ್ಲ ಡೀವಿಡಿ ಎಂದು ಮಕ್ಕಳಿಗೆ ತಿದ್ದಿದಂತೆ ತಿದ್ದುತ್ತಾನೆ. ಗಂಗಾವತಿಯಲ್ಲಿ ಯಾರೋ ಬಳಸಿ ಬಿಟ್ಟ ಕಂಪ್ಯೂಟರನ್ನು ಅವನು ತಂದಿದ್ದ. ಅದರ ಬಾಯಿ ತೆರೆದು ಸೀಡಿ ಇಟ್ಟ. ಅದು ಒಳಗೆಳೆದುಕೊಂಡು, ಸ್ವಲ್ಪ ಹೊತ್ತು ಗುರುಗುಟ್ಟಿ, ಬ್ಯಾಡ ಅಂದಂತೆ ಹೊರಗೆ ತಳ್ಳಿತು. ಮೂರು ಸಲ ಇಟ್ಟ, ಮೂರು ಸಲ ತಳ್ಳಿತು. ಕೊನೆಗೆ ಮಗ ತಿಳಿಸಿ ಹೇಳಿದ. ಬರೆಯುವ ಸೀಡಿಗಳಲ್ಲಿ ಎರಡು ಜಾತಿಯಂತೆ, ಒಂದು ಪ್ಲಸ್ಸು, ಒಂದು ಮೈನಸ್ಸು. ಫೋಟೋದವನು ಕೊಟ್ಟದ್ದು ಪ್ಲಸ್ಸು, ನಮ್ಮ ಹಳೆಯ ಯಂತ್ರ ಮೈನಸ್ಸಿನ ಕಡೆಯದು.

ಕೂಡಿಸುವುದು, ಕಳೆಯುವುದು ನಾನೂ ಕಲಿತವಳೇ. ಆದರೆ ಎರಡೂ ಒಂದೇ ಪಾಟಿಯ ಮೇಲೆ ಆಗುತ್ತಿದ್ದವು. ಇವು ಹೀಗೇಕೆ ಎಂದು ಕೇಳಿದರೆ, ಮಾಡುವ ಕಂಪನಿಗಳು ಎರಡು ಗುಂಪಾಗಿ ಜಗಳಾಡಿದವಂತೆ. ನನಗೆ ಒಮ್ಮೆಗೇ ತಿಳಿಯಿತು. ನಮ್ಮೋಣಿಯಲ್ಲಿ ಪಾಲಾದ ಅಣ್ಣತಮ್ಮಂದಿರಿಬ್ಬರು ಇದ್ದಾರೆ. ನಡುವೆ ಒಂದೇ ಗೋಡೆ, ಆದರೆ ಅಣ್ಣನ ಮನೆಯಲ್ಲಿ ಚಹಾ ಕುಡಿದವರಿಗೆ ತಮ್ಮನ ಮನೆಯಲ್ಲಿ ನೀರು ಸಹ ಇಲ್ಲ. ಅವರಿಬ್ಬರ ಜಗಳದಲ್ಲಿ ಬಾಯಾರಿದ್ದು ಬೀಗರು. ಇಲ್ಲಿ ಬಾಯಾರಿದವಳು ನಾನು.

ಹಾಗಾದರೆ ಮೈನಸ್ಸಿನದೇ ಒಂದು ಮಾಡಿಸಿಕೊಂಡು ಬಾ ಎಂದೆ. ಮಗ ಕುಷ್ಟಗಿಗೆ ಹೋಗಿ ಬಂದ. ಕ್ಯಾಮೆರಾದ ಕ್ಯಾಸೆಟ್ಟಿನ ಮೇಲೆ ಆಗಲೇ ಎರಡು ಮದುವೆ ಹಿಡಿದಾಗಿತ್ತು. ಉಳಿದದ್ದು ಇದೊಂದೇ ಸೀಡಿ. ಇದರಿಂದಲೇ ನಕಲು ತೆಗೆಸು, ಇಲ್ಲವೆ ಓಣಿಯವರ ಯಂತ್ರದಲ್ಲಾದರೂ ಹಾಕಿ ತೋರಿಸು ಎಂದರೆ, ಗೀರು ಬಿದ್ದರೆ ಎಲ್ಲಾ ಹೋಯಿತು ಎಂದು ಅದನ್ನು ಡಬ್ಬಿಯಲ್ಲಿಟ್ಟು ದೇವರ ಜಗುಲಿಯ ಪಕ್ಕದ ಗೂಡಿಗೆ ಸೇರಿಸಿದ. ಎರಡನ್ನೂ ಓದುವ, ಎರಡನ್ನೂ ಬರೆಯುವ ಹೊಸ ಡ್ರೈವು, ಅಂದರೆ ಕಂಪ್ಯೂಟರಿಗೆ ಹೊಸ ಬಾಯಿ, ಬರುತ್ತದೆ, ಅದನ್ನೇ ತರೋಣ ಎಂದ.

ಬಂತು ಕೂಡ. ಆದರೆ ಮಗ ತರಲಿಲ್ಲ. ಮುಂದಿನ ತಿಂಗಳು ಇದಕ್ಕಿಂತ ಜೋರಾಗಿ ಬರೆಯುವುದು ಬರುತ್ತದೆಂದು ಕೊಪ್ಪಳದ ಅಂಗಡಿಯವರು ಹೇಳಿದರಂತೆ. ಮುಂದಿನ ತಿಂಗಳು ಹೋದರೆ, ಅದಕ್ಕೂ ಜೋರಿನದು ದಸರೆಗೆ ಅಂದರಂತೆ. ನನಗೆ ನನ್ನ ಅಣ್ಣನ ನೆನಪಾಯಿತು. ಅವನು ಯಲಬುರ್ಗಾದ ಹುಡುಗಿ ಛಲೋ ಇದ್ದಾಳೆ, ಗಂಗಾವತಿ ಕಡೆ ಇನ್ನೂ ಛಲೋ ಹುಡುಗಿ ಇರಬಹುದು ಎಂದು ಕಾದು ಕಾದು, ಕಡೆಗೆ ಮೊದಲು ನೋಡಿದ ಹುಡುಗಿಯ ಮಗನ ಜವಳಕ್ಕೆ ಹೋಗಿ ಉಂಡು ಬಂದವನು. ಇದನ್ನು ಹೇಳಿದರೆ ಮಗ ನಕ್ಕ. ಗಿರಿಜಾ ಮಾತ್ರ ಅಕ್ಕಿ ಆರಿಸುತ್ತ, "ಅತ್ತಿ, ನಿಮ್ಮ ಮಗಗ ಒಬ್ಬಾಕಿನ್ನ ಅಷ್ಟ ಕನ್ಯಾ ತೋರಿಸಿದ್ರಲ್ಲ, ಅದು ಭಾಳ ಛಲೋ ಆತ ನೋಡ್ರಿ. ಇಬ್ಬರಿದ್ರ ಇವತ್ತಿಗೂ ಕಾಯ್ತಿದ್ರು" ಅಂದಳು.

ಅಷ್ಟರಲ್ಲಿ ಮಲ್ಲಮ್ಮ ಕವುಚಿ ಬಿದ್ದಳು, ಅಂಬೆಗಾಲಿಟ್ಟಳು, ಎದ್ದು ನಿಂತಳು. ಮಗ ಹೊಸ ಡ್ರೈವಿಗೆ ಕಾಯುತ್ತಲೇ ಇದ್ದ. ನಾನು ದಿನಕ್ಕೊಂದು ಸಲ ಗೂಡಿನಿಂದ ಡಬ್ಬಿ ತೆಗೆದು, ಆ ಹೊಳೆಯುವ ಬಿಲ್ಲೆಯಲ್ಲಿ ನನ್ನ ಮುಖವನ್ನೇ ನೋಡಿಕೊಂಡು ಮತ್ತೆ ಇಡುತ್ತಿದ್ದೆ. ಮೊಮ್ಮಗಳ ನಗು ಇದರೊಳಗೇ ಇದೆ, ನನಗೆ ಮಾತ್ರ ಕೊಡುವುದಿಲ್ಲ ಅನಿಸುತ್ತಿತ್ತು.

ದಸರೆ ಬಂತು. ಖಂಡೇ ಪೂಜೆಯ ದಿನ ನಮ್ಮಲ್ಲಿ ದುಡಿಯುವ ವಸ್ತುವನ್ನೆಲ್ಲ ತೊಳೆದು ಪೂಜಿಸುತ್ತೇವೆ. ಕುಡುಗೋಲು, ಕೊಡಲಿ, ಹೊಲಿಗೆ ಮಷೀನು, ಮಗನ ಗಾಡಿ ಎಲ್ಲಕ್ಕೂ ವಿಭೂತಿ, ಕುಂಕುಮ. ಕಂಪ್ಯೂಟರಿನ ಹಣೆಗೂ ಹಚ್ಚಿದೆ. ಇನ್ನೇನು ತಟ್ಟೆ ಕೆಳಗಿಡಬೇಕು, ಸೀಡಿಯ ನೆನಪಾಯಿತು. ಮನೆಯ ಲಕ್ಷ್ಮಿ ಇರುವುದೇ ಅದರಲ್ಲಿ, ಅದನ್ನೇ ಬಿಟ್ಟರೆ ಹೇಗೆ. ತೆಗೆದು ನೋಡಿದೆ. ಒಂದು ಕಡೆ ಮೊಮ್ಮಗಳ ಹೆಸರು ಬರೆದಿತ್ತು. ಬರೆದ ಅಕ್ಷರದ ಮೇಲೆ ಕೈ ಒರೆಸಬಾರದು, ಸರಸ್ವತಿ. ಆದ್ದರಿಂದ ಹೊಳೆಯುವ ಕಡೆ ತಿರುಗಿಸಿ, ಕುಂಕುಮ ಉದುರಬಾರದೆಂದು ಕೊಬ್ಬರಿ ಎಣ್ಣೆಯಲ್ಲಿ ಕಲಸಿ, ಮೂರು ಬೆರಳಿನ ವಿಭೂತಿಯ ನಡುವೆ ಚಂದಾಗಿ ಒಂದು ಬೊಟ್ಟಿಟ್ಟೆ. ಬೇಗ ಹೊಸ ಡ್ರೈವು ಬರಲಿ ಎಂದು ಬೇಡಿಕೊಂಡು ಡಬ್ಬಿ ಮುಚ್ಚಿದೆ. ಈ ಕೆಲಸವನ್ನು ಯಾರಿಗೂ ಹೇಳಲಿಲ್ಲ. ಭಕ್ತಿಯನ್ನು ಹೇಳಿಕೊಂಡು ತಿರುಗಬಾರದಲ್ಲ.

ದೇವರು ಬೇಗನೆ ಕೇಳಿಸಿಕೊಂಡ. ಎಂಟು ದಿನಕ್ಕೆ ಮಗ ಹೊಸ ಡ್ರೈವು ತಂದ, ಕೂಡಿಸಲು ಕೊಪ್ಪಳದ ಮೆಕ್ಯಾನಿಕ್ಕನನ್ನೂ ಕರೆತಂದ. ನಾನು ಓಣಿಯ ಹೆಂಗಸರನ್ನೆಲ್ಲ ಕರೆದು ಚಾಪೆ ಹಾಸಿ ಕೂಡಿಸಿದೆ. ಮೆಕ್ಯಾನಿಕ್ಕ ಡಬ್ಬಿಯಿಂದ ಸೀಡಿಯನ್ನು ಹೆಸರಿನ ಕಡೆ ಮೇಲಾಗಿ ತೆಗೆದು ಇಟ್ಟ. ಯಂತ್ರ ಹಳೆಯದರಂತೆಯೇ ಗುರುಗುಟ್ಟಿ ಹೊರಗೆ ತಳ್ಳಿತು. ಅವನು ಬಿಲ್ಲೆಯನ್ನು ತಿರುಗಿಸಿದ. ಬಹಳ ಹೊತ್ತು ನೋಡಿದ. ಆಮೇಲೆ ಮೆಲ್ಲಗೆ ಹೇಳಿದ.

"ಸರ, ಇದು ಪ್ಲಸ್ಸೂ ಓದತೈತಿ, ಮೈನಸ್ಸೂ ಓದತೈತಿ. ಕುಂಕುಮ ಓದೋದು ಇನ್ನಾ ಬಂದಿಲ್ರಿ."

ಮಗ ನನ್ನ ಕಡೆ ತಿರುಗಿದ. "ಯವ್ವಾ, ಏನ್ ಮಾಡಿದಿ ನೀ?" ಅಷ್ಟೇ ಕೇಳಿದ. ಬೈದಿದ್ದರೆ ಜಗಳಾಡುತ್ತಿದ್ದೆ. ಅವನು ಬೈಯಲಿಲ್ಲ. ಇದ್ದದ್ದೊಂದೇ ಸೀಡಿ, ಅದನ್ನೂ ನನ್ನ ಕೈಯಾರೆ ಕಳೆದೆನಲ್ಲ ಎಂದು ಚಾಪೆಯ ಅಂಚಿಗೆ ಕೂತುಬಿಟ್ಟೆ. ಮೆಕ್ಯಾನಿಕ್ಕನೇ ಧೈರ್ಯ ಹೇಳಿ, ಸಾಬೂನಿನ ನೀರು, ಮೆತ್ತನೆಯ ಬಟ್ಟೆ ಕೇಳಿದ. ಗಿರಿಜಾ ಮಲ್ಲಮ್ಮನ ಹಳೆಯ ಕುಲಾಯಿ ತಂದಳು. ಹಸುಗೂಸಿಗೆ ಎರೆದಂತೆ ಅವನು ಸೀಡಿಗೆ ಎರೆದು, ನಡುವಿನಿಂದ ಅಂಚಿಗೆ ಒರೆಸಿ, ಮತ್ತೆ ಇಟ್ಟ. ಗುರುಗುಟ್ಟಿತು. ನಾನು ಕಣ್ಣು ಮುಚ್ಚಿದೆ. ತೊಟ್ಟಿಲ ಹಾಡು ಕೇಳಿಸಿತು.

ಕಣ್ಣು ಬಿಟ್ಟರೆ ತೊಟ್ಟಿಲು, ಶರಣವ್ವನ ಬೆನ್ನು, ಗುದ್ದುವ ಕೈಗಳು. ಅವಳು ಬಗ್ಗಿ ಹೆಸರು ಹೇಳುತ್ತಾಳೆ. ಅದೇ ಹೊತ್ತಿಗೆ ಒಳಗಿನಿಂದ ಯಾರೋ ಹೆಂಗಸು ಊರೇ ಕೇಳುವಂತೆ ಒದರುತ್ತಾಳೆ: "ಹೂರಣ ತಳ ಹತ್ತತೈತಿ, ಯಾರರ ಬರ್ರೇ!" ಹೆಸರು ಆ ಕೂಗಿನಲ್ಲಿ ಮುಳುಗಿಹೋಯಿತು. ಕೂಸು ಸೋದರತ್ತೆಯನ್ನು ಬಿಟ್ಟು ಅಡುಗೆಮನೆಯ ಕಡೆ ಕತ್ತು ಹೊರಳಿಸಿ, ಬಾಯಿ ತುಂಬ ನಕ್ಕಿತು.

ನಕ್ಕಿತೆಂದು ಎಲ್ಲರೂ ಹೇಳಿದ್ದರು. ನನ್ನ ಒದರಾಟಕ್ಕೆ ನಕ್ಕಿತೆಂದು ಒಬ್ಬರೂ ಹೇಳಿರಲಿಲ್ಲ. ಚಾಪೆಯ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರೆ ನಾನು ಸೆರಗಿನಿಂದ ಕಣ್ಣೊರೆಸಿಕೊಂಡು, ಇನ್ನೊಮ್ಮೆ ಹಾಕು ಎಂದೆ. ಹನ್ನೊಂದು ಸಲ ಹಾಕಿಸಿದೆ. ಮೆಕ್ಯಾನಿಕ್ಕ ಕೊನೆಯ ಬಸ್ಸು ತಪ್ಪುತ್ತದೆಂದು ಎದ್ದು ಹೋದ.

ಈ ವರ್ಷದ ಖಂಡೇ ಪೂಜೆಗೆ ಮುಂಚೆಯೇ ಮಗ ಸೀಡಿಯನ್ನು ಕಪಾಟಿನಲ್ಲಿಟ್ಟು ಕೀಲಿ ಜಡಿದಿದ್ದಾನೆ. ಜಡಿಯಲಿ, ಅವನ ಎಚ್ಚರ ಅವನಿಗೆ. ನಾನು ಕೀಲಿಗೇ ವಿಭೂತಿ, ಕುಂಕುಮ ಹಚ್ಚಿದ್ದೇನೆ. ಎಣ್ಣೆಯಲ್ಲಿ ಕಲಸಿದ ಕುಂಕುಮ ಸ್ವಲ್ಪ ಹೆಚ್ಚಾಗಿ ಒಳಗಿಳಿದಿರಬೇಕು, ನಿನ್ನೆಯಿಂದ ಕೀಲಿಕೈ ತಿರುಗುತ್ತಿಲ್ಲ. ಮಗನಿಗೆ ಇನ್ನೂ ಹೇಳಿಲ್ಲ.