ಕ್ರೇನಣ್ಣನ ಪರೀಕ್ಷೆ

ಎಲ್ಲ ರಾದ್ಧಾಂತಕ್ಕೂ ಕಾರಣ ಅರ್ಧ ಡಬ್ಬ ಹಳದಿ ಬಣ್ಣ.

ಹಳೇ ಬಂದರಿಗೆ ಹೊಸ ರೂಪ ಕೊಡುವ ಕೆಲಸ ಭರದಿಂದ ಸಾಗಿತ್ತು. ಒಂದು ಕಡೆ ದೊಡ್ಡ ಹಡಗುಗಳು ನಿಲ್ಲಲು ಹೊಸ ಧಕ್ಕೆ, ಇನ್ನೊಂದು ಕಡೆ ಊರವರು ಸಂಜೆ ಅಡ್ಡಾಡಲು ಕಲ್ಲುಬೆಂಚುಗಳ ದಾರಿ. ಹಳೇ ಕ್ರೇನುಗಳಿಗೆ ಇವತ್ತು ಬಂದರಿನ ಸಾಹೇಬರ ಮುಂದೆ ಪರೀಕ್ಷೆ. ಭಾರ ಎತ್ತದಿದ್ದರೆ ಸೀದಾ ಗುಜರಿಗೆ. ಕ್ರೇನು ಓಡಿಸುವ ನಮ್ಮ ಕ್ರೇನಣ್ಣನಿಗೆ ಬೆಳಗಿನಿಂದ ಅದೇ ಚಿಂತೆ.

“ಅದು ಹೋದ್ರೆ ನನ್ನ ಕೆಲಸಾನೂ ಹೋಯ್ತು ಅಂತ್ಲೇ ಲೆಕ್ಕ ಕಣೆ,” ಅಂದಿದ್ದಕ್ಕೆ ಹೆಂಡತಿ ಹೌಹಾರಿದ್ದಳು.

“ಅಂದ್ರೆ ದಿನಾ ಪೂರ್ತಿ ಮನೇಲೇ ಇರ್ತೀರಾ? ಅಯ್ಯಯ್ಯೋ, ಏನಾದ್ರೂ ಮಾಡಿ ಅದನ್ನ ಎತ್ತಿಸ್ರೀ!”

ಧಕ್ಕೆಗೆ ಬಂದರೆ ಗೆಳೆಯರು ಆಗಲೇ ಉಪಕಾರ ಮಾಡಿ ಮುಗಿಸಿದ್ದರು. ಕ್ಯಾಂಟೀನಿನವನು ಉಳಿದಿದ್ದ ಹಳದಿ ಬಣ್ಣವನ್ನು ಬ್ರೇಕಿನ ಹಿಡಿಗೆ ಬಳಿದಿದ್ದ. “ಸಾಹೇಬ್ರು ಬರ್ತಾರಲ್ಲ, ಲಕ್ಷಣವಾಗಿ ಕಾಣ್ಲಿ ಅಂತ.”

“ನಾನು ಬ್ರೇಕಿಗೆ ಎಣ್ಣೆ ಬಿಟ್ಟೆ. ಪಾಪ, ಕಿರ್ರೋ ಅಂತಿತ್ತು,” ಎಂದ ವಾಚ್‌ಮನ್.

“ಬ್ರೇಕಿಗೆ ಯಾರಾದ್ರೂ ಎಣ್ಣೆ ಬಿಡ್ತಾರೇನೋ, ಪುಣ್ಯಾತ್ಮ!” ಎಂದ ಕ್ರೇನಣ್ಣ. “ಜಾರಿಹೋಗುತ್ತಲ್ಲೋ!”

ಒರೆಸಲೂ ಪುರುಸೊತ್ತಿಲ್ಲ, ಸಾಹೇಬರು ಬಂದೇಬಿಟ್ಟರು. ಪಕ್ಕದ ಕ್ರೇನು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಮುಂದಿನ ಸರದಿ ಕ್ರೇನಣ್ಣನದು. ಮೇಲೆ ಹತ್ತಿ ಕೂತು ಚಾಲೂ ಮಾಡಿದ. ಕ್ರೇನು ಕೆಮ್ಮಿತು, ನರಳಿತು, ಕಡೆಗೆ ಒಂದು ಕಲ್ಲುಬೆಂಚನ್ನು ಮೇಲಕ್ಕೆತ್ತಿತು. ಚಪ್ಪಾಳೆಯೋ ಚಪ್ಪಾಳೆ! ಸರಿಯಾಗಿ ನೋಡಲೆಂದು ಸಾಹೇಬರು ಅದರ ಅಡಿಗೇ ಬಂದು ನಿಂತರು.

ಬೆಂಚು ಸರ್ರನೆ ಜಾರಿತು.

“ಪಕ್ಕಕ್ಕೆ ಸರೀರಿ ಸಾರ್!” ಎಂದು ಕಿರುಚುತ್ತಾ ಕ್ರೇನಣ್ಣ ಎರಡೂ ಕೈಯಲ್ಲಿ ಬ್ರೇಕು ಜಗ್ಗಿದ. ಭಯಕ್ಕೆ ಕೈಬಿಟ್ಟು ಓಡಿಹೋಗುತ್ತಿದ್ದನೇನೋ, ಆದರೆ ಹಸಿ ಬಣ್ಣ ಅಂಗೈಗಳನ್ನು ಹಿಡಿಗೆ ಗಟ್ಟಿಯಾಗಿ ಅಂಟಿಸಿತ್ತು. ಹಾಗೇ ಜೋತುಬಿದ್ದ. ಬೆಂಚು ಸಾಹೇಬರ ಟೋಪಿಯಿಂದ ಗೇಣುದ್ದ ಮೇಲೆ ನಿಂತಿತು.

ಸಾಹೇಬರು ತಲೆಯೆತ್ತಿ ನೋಡಿ, “ಶಭಾಷ್! ಎಂಥಾ ಹಿಡಿತ ರೀ!” ಎಂದರು.

ಬದುಕಿದೆಯಾ ಬಡಜೀವವೇ ಎಂದು ಕ್ರೇನಣ್ಣ ಬೆಂಚನ್ನು ಮೆಲ್ಲಗೆ ನೆಲಕ್ಕಿಳಿಸಿ, ಅಂಗೈ ಕಿತ್ತುಕೊಂಡು ಇಳಿದು ಬಂದ. ಖುಷಿಯಲ್ಲಿ ನಾಲಿಗೆಗೆ ಲಗಾಮು ತಪ್ಪಿತು. “ಇದು ಬೇರೆ ಯಾರ ಮಾತೂ ಕೇಳಲ್ಲ ಸಾರ್. ನಾನಿದ್ರೆ ಮಾತ್ರ.”

“ಗೊತ್ತಾಯ್ತು, ಅದಕ್ಕೇ ನಿಮ್ಮನ್ನೂ ಜೊತೆಗೆ ಕಳಿಸ್ತೀವಿ.”

“ಎಲ್ಲಿಗೆ ಸಾರ್?”

“ದೂರದ ದ್ವೀಪದವರು, ಓಡೋ ಕ್ರೇನ್ ಇದ್ರೆ ಕೊಡಿ ಅಂತ ಕೇಳಿದ್ರು. ವರ್ಷಕ್ಕೊಂದ್ ಸಲ ರಜ ಇರುತ್ತೆ, ಮನೆಗೆ ಬರಬಹುದು.”

“ಮತ್ತೆ... ಕ್ರೇನು ಕೆಟ್ಟೋದವರು?”

“ಅವರನ್ನೇನ್ ಮಾಡೋದು? ಇಲ್ಲೇ ಹೊಸ ಕಂಟ್ರೋಲ್ ರೂಮಲ್ಲಿ ಕೂರಿಸ್ತೀವಿ. ಎ.ಸಿ. ರೂಮು, ಗುಂಡಿ ಒತ್ತಿದ್ರಾಯ್ತು.”

ಕ್ರೇನಣ್ಣ ಹಳದಿ ಕೈಗಳನ್ನು ಜೋಡಿಸಿ, “ಸಾರ್,” ಎಂದು ಗೋಗರೆದ, “ಇನ್ನೊಂದೇ ಒಂದು ಸಲ ಪರೀಕ್ಷೆ ಮಾಡ್ತೀರಾ?”